ಅಕ್ಕನಿಗೆ ಮೂರು ಹೆಚ್ಚು

"ಮೂರು!" ಎಂದು ಕೂಗಿ ತಂಗಿ ಪೆನ್ಸಿಲ್ ಕೆಳಗಿಟ್ಟಳು.

ಟೀಚರು ಒಬ್ಬೊಬ್ಬ ಮಗುವಿಗೂ ಅವರವರ ಮನೆಯವರ ಮೇಲೇ ಲೆಕ್ಕ ಬರೆದುಕೊಟ್ಟಿದ್ದರು. ಇವಳಿಗೆ ಬಂದದ್ದು: ನಿನಗೆ ಆರು ವರ್ಷ. ಅಕ್ಕನಿಗೆ ನಿನಗಿಂತ ಮೂರು ವರ್ಷ ಹೆಚ್ಚು. ಅಕ್ಕನಿಗೆ ಎಷ್ಟು ವರ್ಷ?

"ನನಗೆ ಮೂರಾ?" ಪಕ್ಕದಲ್ಲಿ ಕೂತಿದ್ದ ಅಕ್ಕ ಹೌಹಾರಿದಳು.

"ಮತ್ತೆ? ಅಕ್ಕನಿಗೆ ಮೂರು ಅಂತ ಇಲ್ಲೇ ಇದೆಯಲ್ಲ. ನನಗೆ ಆರು. ಇವತ್ತಿಂದ ನಾನೇ ಅಕ್ಕ. ಹೊಸ ಫ್ರಾಕು ನನಗೆ, ಹಳೇದು ನಿನಗೆ!"

ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಿದ್ದ ಅಮ್ಮನ ಕಾಲು ನಿಂತಿತು. ಅವಳು ಆಗ ಚಿಕ್ಕದು ಮಾಡುತ್ತಿದ್ದದ್ದು ಅಕ್ಕನ ಹಳೇ ಫ್ರಾಕನ್ನೇ, ತಂಗಿಗೆಂದು. ಬೀದಿಯವರಿಗೆಲ್ಲ ಹೊಸ ಬಟ್ಟೆ ಹೊಲಿಯುವವಳ ಕಿರಿಮಗಳು ಹುಟ್ಟಿದಾಗಿನಿಂದ ಅಕ್ಕ ತೊಟ್ಟು ಬಿಟ್ಟದ್ದನ್ನೇ ತೊಡುತ್ತಿದ್ದಳು. ಅಮ್ಮನಿಗೆ ನಗು ಬಂತು. ನಗುವಿನ ಜೊತೆಗೇ ಎಲ್ಲೋ ಚುರುಕ್ಕೆಂದಿತು.

ಗುಂಡಿ ಡಬ್ಬಿ ತಂದು ನೆಲದ ಮೇಲೆ ಸುರಿದಳು. "ಬಾ ಪುಟ್ಟಿ, ನಿನ್ನ ವರ್ಷಕ್ಕೊಂದು ಗುಂಡಿ ಇಡು."

ತಂಗಿ ಆರು ಕೆಂಪು ಗುಂಡಿ ಸಾಲಾಗಿ ಇಟ್ಟಳು.

"ಮೇಲ್ಗಡೆ ಅಕ್ಕನ ಸಾಲು. ಮೊದಲು ನಿನ್ನಷ್ಟೇ ಇಡು."

ಒಂದೊಂದು ಕೆಂಪು ಗುಂಡಿಗೂ ಒಂದೊಂದು ನೀಲಿ ಗುಂಡಿ ಜೋಡಿಯಾಯಿತು.

"ಈಗ ಇಬ್ಬರೂ ಸಮ. ಆದ್ರೆ ಅಕ್ಕನಿಗೆ ಮೂರು ಹೆಚ್ಚು ಅಂದಿದಾರೆ ಟೀಚರು. ಅವಳು ಮೊದಲು ಹುಟ್ಟಿದೋಳಲ್ವಾ? ಅದನ್ನ ಸಾಲಿನ ಮೊದಲಿಗೇ ಇಡು."

ತಂಗಿ ಒಲ್ಲದ ಮನಸ್ಸಿನಿಂದ ಇನ್ನೂ ಮೂರು ಇಟ್ಟಳು. ಬೆರಳಿಟ್ಟು ಎಣಿಸುತ್ತ ಎಣಿಸುತ್ತ ಮುಖ ಸಪ್ಪಗಾಯಿತು. "ಒಂಬತ್ತು."

"ನೋಡಿದ್ಯಾ!" ಎಂದು ಅಕ್ಕ ಕುಣಿದಳು.

"ಇರು, ಮುಂದಿನ ವರ್ಷ ನಿನ್ನ ಹಿಡಿದುಬಿಡ್ತೀನಿ!" ತಂಗಿ ತನ್ನ ಸಾಲಿನ ಕೊನೆಗೆ ಇನ್ನೊಂದು ಗುಂಡಿ ಸೇರಿಸಿದಳು. ಅಕ್ಕ ಬಿಟ್ಟಾಳೆಯೆ? ಅವಳೂ ಒಂದು ಸೇರಿಸಿದಳು. ಇವಳೊಂದು, ಅವಳೊಂದು. ಸಾಲುಗಳು ಹೊಸ್ತಿಲವರೆಗೆ ಹೋದವು. ಸುರಿದ ಗುಂಡಿಯೆಲ್ಲ ಮುಗಿಯಿತು. ಆ ಮೂರು ಮಾತ್ರ ಮೂರೇ.

ತಂಗಿಯ ಕಣ್ಣು ತುಂಬುವುದರೊಳಗೆ ಅಮ್ಮ ಹಳೇ ಫ್ರಾಕನ್ನು ಮಡಿಸಿ ಬದಿಗಿಟ್ಟು, ಬೀರುವಿನಿಂದ ಹೂವಿನ ಹೊಸ ಬಟ್ಟೆ ತೆಗೆದಳು. "ಚಿಕ್ಕೋಳಾಗೇ ಇರು. ಹೊಸದು ತೊಡೋಕೆ ಅಕ್ಕನೇ ಆಗ್ಬೇಕು ಅಂತೇನಿಲ್ಲ. ಕೈ ಅಗಲಿಸು, ಅಳತೆ ತಗೋತೀನಿ."

ಕೈ ಅಗಲಿಸಿ ನಿಂತೇ ತಂಗಿ ನೆಲ ನೋಡಿದಳು. "ಅಮ್ಮಾ, ಆ ಮೂರು ಗುಂಡಿ ಕೆಳಗೆ ನಾನ್ಯಾಕಿಲ್ಲ?"

"ಆಗ ನೀನಿನ್ನೂ ಹುಟ್ಟಿರಲಿಲ್ಲ."

ತಂಗಿ ಕನಿಕರದಿಂದ ಅಕ್ಕನ ಕಡೆ ತಿರುಗಿದಳು.

"ಅಯ್ಯೋ ಪಾಪ! ಮೂರು ವರ್ಷ ಯಾರ ಹತ್ರ ಜಗಳ ಆಡ್ತಿದ್ದೆ?"