ಹಾವೆಂಗಾನ ಮೇಲೆ ಕಟ್ಟಿದವನು

ಹಾವೆಂಗಾನ ಚೆಂಡು ಕೆರೆಗೆ ಬಿದ್ದಾಗ ಬಾಜಿ ಅಂಗಡಿಯಲ್ಲಿ ಬಾಯಿಗೆ ಬಂದಂತೆ ಬೈದವನು ತುಲಾನಿ ಒಬ್ಬನೇ.

ಉಳಿದವರು ತಲೆ ಕೂಡ ಎತ್ತಲಿಲ್ಲ. ವೈಟ್ ರಿವರ್ ಊರಿನ ಟ್ಯಾಕ್ಸಿ ನಿಲ್ದಾಣದ ಹಿಂದಿನ ಆ ಅಂಗಡಿಗೆ ಜನ ಬರುವುದು ಕುದುರೆಗೆ, ಫುಟ್‌ಬಾಲಿಗೆ. ಗಾಲ್ಫಿಗೆಂದು ಮೂಲೆಯಲ್ಲೊಂದು ಹಳೇ ಟಿವಿ, ಬಿದ್ದಿದ್ದರೆ ಬಿದ್ದಿರಲಿ ಎಂಬಂತೆ. ಅದರಲ್ಲಿ ಇವತ್ತು ವರ್ಷದ ಕೊನೆಯ ಟೂರ್ನಿಯ ಕೊನೆಯ ದಿನ. ಆಟ ನಡೆಯುತ್ತಿದ್ದದ್ದು ಗುಡ್ಡದಾಚೆಯ ಕ್ಲಬ್ಬಿನಲ್ಲೇ. ಅಲ್ಲಿನ ಹುಲ್ಲಿಗೆ ದಿನಕ್ಕೆರಡು ಹೊತ್ತು ನೀರು. ಬೇಲಿಯ ಈಚೆ ನಲ್ಲಿ ತಿರುಗಿಸಿದರೆ ಕೆಮ್ಮುತ್ತದೆ. ಹುಲ್ಲಾಗಿ ಹುಟ್ಟುವುದಕ್ಕೂ ಪುಣ್ಯ ಬೇಕು.

"ಯಾರ ಮೇಲೆ ಕಟ್ಟಿದ್ದೀಯೋ?" ಕುದುರೆ ಓಟಕ್ಕೆ ಕಾಯುತ್ತ ಎಣ್ಣೆಯಲ್ಲಿ ಕರಿದ ಮಗ್ವಿನ್ಯಾ ಮೆಲ್ಲುತ್ತಿದ್ದ ಮುದುಕ ಸಿಬಿಯಾ ಕೇಳಿದ.

"ಹಾವೆಂಗಾ."

"ಮತ್ತೆ ಅವನಿಗೇ ಬೈತಿದ್ದೀಯಲ್ಲೋ!"

"ದುಡ್ಡು ಕಟ್ಟಿದೋನಿಗೆ ಬೈಯೋ ಹಕ್ಕೂ ಇಲ್ವಾ ಅಜ್ಜ?"

ಕಟ್ಟಿದ್ದು ಅವನ ದುಡ್ಡೇ ಅಲ್ಲ, ಆ ಮಾತು ಬೇರೆ. ಜೊತೆಯಲ್ಲಿ ದುಡಿಯುವ ಸೋದರಮಾವನ ವಾರದ ಕೂಲಿ, ಸಂಜೆಗೆ ಕೊಡಬೇಕಾದದ್ದು. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲೇ ಅಷ್ಟನ್ನೂ ಹಾವೆಂಗಾನ ಮೇಲೆ ಸುರಿದಿದ್ದ. ಗೆದ್ದರೆ ದುಪ್ಪಟ್ಟು. ಮಾವನದು ಮಾವನಿಗೆ, ಉಳಿದದ್ದು ಮನೆ ಬಾಡಿಗೆಗೆ. ಸೋತರೆ ಏನು ಅಂತ ಯೋಚಿಸಿರಲಿಲ್ಲ. ಹಾವೆಂಗಾ ಸೋಲುವ ಪೈಕಿಯೇ? ಅಪ್ಪನಿಗೆ ಕಣ್ಣು ಹಾಯುವಷ್ಟು ಉದ್ದದ ತೋಟ. ಶೂ ಕೊಡುವ ಕಂಪನಿ ಒಂದು, ಟೋಪಿ ಕೊಡುವ ಕಂಪನಿ ಇನ್ನೊಂದು. ಧೈರ್ಯ ಹೇಳುವುದಕ್ಕೆ ಸಂಬಳದ ಡಾಕ್ಟರ್ ಬೇರೆ. ಅಷ್ಟು ಜನ ಸೇರಿ ಒಬ್ಬನನ್ನು ಗೆಲ್ಲಿಸಲಾರರೇ?

ತುಲಾನಿಗೆ ಈ ದುಡ್ಡು ಬೇಕೇ ಬೇಕಿತ್ತು. ವರ್ಷ ಮುಗಿಯಿತು, ಪಟ್ಟಿಯ ಕೆಳಗಿನವರೆಲ್ಲ ಮನೆಗೆ. ನಾಳೆಯಿಂದ ಅವನಿಗೆ ಕೆಲಸವಿಲ್ಲ.

"ಏನ್ ಕೆಲಸ ತಮ್ಮಾ ನಿಂದು?" ಗಾಜಿನ ಆಚೆಯಿಂದ ಡೆಲಿಸಿಲೆ ಕೇಳಿದಳು. ಚೀಟಿ ಬರೆಯುವವಳು ಅವಳೇ, ಸೋತವರನ್ನು ಸಮಾಧಾನ ಮಾಡುವವಳೂ ಅವಳೇ.

"ಕ್ಲಬ್ಬಲ್ಲಿ. ಹುಲ್ಲಿನ ಮೇಲೆ."

"ಹುಲ್ಲು ಕತ್ತರಿಸೋನಾ?"

"ಕೆಲವು ದಿನ ಅಷ್ಟೇ ಆಗೋದು ಅಕ್ಕ."

ಸಿಬಿಯಾ ಅವನ ಕೈಗಳನ್ನೇ ನೋಡಿದ. "ಒಂದು ಕೈ ಬಿಸಿಲಿಗೆ ಸುಟ್ಟು ಹೋಗಿದೆ. ಇನ್ನೊಂದರ ಬಣ್ಣ ಯಾಕೋ ತಿಳಿಯಾಗಿದೆ?"

"ಗ್ಲೌಸು ಒಂದೇ ಕೈಗೆ ಅಜ್ಜ."

"ಜಿಪುಣ ನನ್ಮಕ್ಳು!" ಸಿಬಿಯಾ ಮನಸಾರೆ ಬೈದ.

ಟಿವಿಯಲ್ಲಿ ಅಂಕಗಳು ಬಂದವು. ಮೂರು ಏಟು ಮುಂದಿದ್ದ ಹಾವೆಂಗಾ ಈಗ ಒಂದೇ ಏಟು ಮುಂದೆ. ಉಳಿದಿದ್ದದ್ದು ಒಂದೇ ಗುಂಡಿ.

"ಅವನ ಕೆಳಗೆ ಇದ್ಯಾರು ಮಸಿಲೆಲಾ ಅಂತ?" ಎಂದ ಸಿಬಿಯಾ. "ಮುಖಾನೇ ತೋರಿಸಿಲ್ವಲ್ಲ."

"ಬೆಳಿಗ್ಗೆನೇ ಆಡಿ ಮುಗಿಸಿದ್ದಾನೆ. ಹಿಂದೆ ಬಿದ್ದೋರನ್ನ ಬೆಳಿಗ್ಗೆ ಆಡಿಸ್ತಾರೆ. ಆಗ ಕ್ಯಾಮೆರಾದೋರು ತಿಂಡಿ ತಿಂತಿರ್ತಾರೆ."

"ಹೆಸರು ನೋಡಿದ್ರೆ ನಮ್ಮ ಕಡೆಯೋನು," ಎಂದಳು ಡೆಲಿಸಿಲೆ. "ಅವನ ಮೇಲೆ ಕಟ್ಟೋದಲ್ವಾ?"

ತುಲಾನಿ ನಕ್ಕ. ಸಂತೋಷದ ನಗೆಯಲ್ಲ. "ಅವನ ಮೇಲೆ ಬೇಕಾದಷ್ಟು ಕಟ್ಟಿದ್ದೆ ಅಕ್ಕ. ವರ್ಷಗಟ್ಟಲೆ. ನಮ್ಮಮ್ಮನೂ ಕಟ್ಟಿದ್ಲು. ಒಂದು ಕಾಸೂ ವಾಪಸ್ ಬರ್ಲಿಲ್ಲ. ಭಾನುವಾರ ಬಂದ್ರೆ ಅವನ ಕೈ ನಡುಗತ್ತೆ."

"ಅಂಥಾ ದಂಡಪಿಂಡಾನಾ?"

"ಅದಕ್ಕಿಂತ ಒಂದು ಕೈ ಮೇಲೆ."

ಜೇಬಿನಲ್ಲಿ ಫೋನು ನಡುಗಿತು. ಮಾವ. ತುಲಾನಿ ಅದರ ಬಾಯಿ ಮುಚ್ಚಿಸಿದ. ಮತ್ತೆ ನಡುಗಿತು. ಕೂಲಿ ಕೇಳುವುದಕ್ಕಲ್ಲದೆ ಇನ್ನೇನಕ್ಕೆ? ಇನ್ನು ಹತ್ತು ನಿಮಿಷ ತಡಿ ಮಾವ, ದುಡ್ಡು ಹಿಡಿದೇ ಬರುತ್ತೇನೆ ಎಂದುಕೊಂಡ. ಮೂರನೇ ಸಲಕ್ಕೆ ಫೋನನ್ನೇ ಆರಿಸಿಬಿಟ್ಟ.

ಕೊನೆಯ ಗುಂಡಿ. ಹಾವೆಂಗಾನ ಚೆಂಡು ಗುಂಡಿಯಿಂದ ಒಂದು ಮಾರು ದೂರದಲ್ಲಿ ಕೂತಿತ್ತು. ತಳ್ಳಿದರೆ ಮುಗಿಯಿತು. ಮಗು ತಳ್ಳಿದರೂ ಬೀಳುತ್ತದೆ. ಕುದುರೆಯವರೂ ಈಗ ಇತ್ತ ತಿರುಗಿದರು. ಬೇರೆಯವರ ದುಡ್ಡು ಮುಳುಗುವುದನ್ನು ನೋಡುವ ಸುಖವೇ ಸುಖ.

"ನೇರ ಇದೆ," ಎಂದ ಸಿಬಿಯಾ.

"ಇಲ್ಲ. ಅಲ್ಲಿ ಎಡಕ್ಕೆ ಎಳೆಯತ್ತೆ. ಕಣ್ಣಿಗೆ ಕಾಣಲ್ಲ." ತುಲಾನಿ ಟಿವಿಯ ಹತ್ತಿರಕ್ಕೆ ಹೋದ. "ಬಲಕ್ಕೆ ಹೊಡಿಯೋ... ಬಲಕ್ಕೆ!"

"ಹುಲ್ಲು ಕತ್ತರಿಸಿದೋನಿಗೆ ಗೊತ್ತಿಲ್ದೆ ಇರತ್ತಾ?" ಸಿಬಿಯಾ ಸುತ್ತಲಿನವರಿಗೆ ಹೆಮ್ಮೆಯಿಂದ ಹೇಳಿದ.

ಹಾವೆಂಗಾ ನೇರಕ್ಕೆ ತಳ್ಳಿದ. ಚೆಂಡು ಎಡಕ್ಕೆ ಎಳೆಯಿತು, ಗುಂಡಿಯ ಅಂಚು ಮುಟ್ಟಿ ಹೊರಳಿ ಆಚೆ ಹೋಗಿ ಕೂತಿತು. ಒಳಗೆ ಹಾಕುವುದಕ್ಕೆ ಇನ್ನೊಂದು ಏಟು ಬೇಕಾಯಿತು.

ಅಂಗಡಿಯೆಲ್ಲ ಹೋ ಎಂದು ಕೂಗಿತು. ಟಿವಿಯವನ ದನಿಯಲ್ಲಿ ಮನೆಯಲ್ಲಿ ಸಾವಾದಷ್ಟು ದುಃಖ: "ಇಬ್ಬರದೂ ಸಮ. ಕೊನೆಯ ಗುಂಡಿಯನ್ನು ಇಬ್ಬರೂ ಮತ್ತೆ ಆಡಬೇಕು. ಗೆದ್ದವನಿಗೆ ಕಪ್, ಇನ್ನೆರಡು ವರ್ಷ ಆಡುವ ಹಕ್ಕು. ಹಾವೆಂಗಾ ಸಿದ್ಧವಾಗಿದ್ದಾರೆ. ಮಸಿಲೆಲಾ ಮಾತ್ರ ಮೈದಾನದಲ್ಲಿ ಎಲ್ಲೂ ಕಾಣುತ್ತಿಲ್ಲ. ಹುಡುಕುತ್ತಿದ್ದಾರೆ."

ತುಲಾನಿ ಕೌಂಟರ್ ಹಿಡಿದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ. ಡೆಲಿಸಿಲೆ ಗಾಜಿನ ಹತ್ತಿರಕ್ಕೆ ಬಾಗಿದಳು.

"ಅಯ್ಯೋ, ಯಾಕೆ ಹಂಗಾಡ್ತೀಯಾ ತಮ್ಮಾ? ನಿನ್ನ ದುಡ್ಡು ಎಲ್ಲೂ ಹೋಗಿಲ್ಲ. ಆ ದಂಡಪಿಂಡ ಎಲ್ಲೋ ಕುಡಿದು ಬಿದ್ದಿರ್ತಾನೆ. ಹೊತ್ತಿಗೆ ಸರಿಯಾಗಿ ಬರ್ಲಿಲ್ಲ ಅಂದ್ರೆ ಹಾವೆಂಗಾನೇ ಗೆದ್ದಂಗೆ. ಸುಮ್ನೆ ಇಲ್ಲೇ ಕೂತ್ಕೊಂಡು, ಅವನು ಬರದೇ ಇರ್ಲಿ ಅಂತ ದೇವರನ್ನ ಬೇಡ್ಕೋ."

ತುಲಾನಿ ಮಸಿಲೆಲಾ ಬಾಗಿಲು ಒದ್ದು ಗುಡ್ಡದ ಕಡೆಗೆ ಓಡಿದ.