ಹೊಟ್ಟೆಯೊಳಗೊಂದು ಗೊಂಬೆ

ತೆರೆಯ ಮೇಲೆ ಎರ್ಮಿನಿಯಾಳ ಹೊಟ್ಟೆಯ ಒಳಭಾಗ ಕೆಂಪಗೆ ಮಿನುಗುತ್ತಿತ್ತು. ಅದರ ಒಂದು ಮೂಲೆಯಲ್ಲಿ, ಕೈಕಾಲು ಮುದುರಿಕೊಂಡು, ಬೆರಳುದ್ದವೂ ಇಲ್ಲದ ಪ್ಲಾಸ್ಟಿಕ್ ಮಗುವೊಂದು ಮಲಗಿತ್ತು.

ಡಾಕ್ಟರ್ ಬೆರಿಸ್ತಾಯಿನ್ ಕ್ಯಾಮೆರಾದ ಕೊಳವೆಯನ್ನು ಅಲ್ಲಿಯೇ ನಿಲ್ಲಿಸಿದರು. "ಬರೀ ಸಾರಿನ ತಿಳಿ ಕುಡ್ಕೊಂಡಿದೀನಿ ಅಂದ್ರಲ್ಲ, ಎರ್ಮಿನಿಯಾ ಅವರೇ?" ಎಂದು ಕೇಳಿದರು. ಬಾಯಿ ತುಂಬ ಕೊಳವೆಯಿದ್ದುದರಿಂದ ಎರ್ಮಿನಿಯಾ ಉತ್ತರ ಕೊಡುವ ಹಾಗಿರಲಿಲ್ಲ. ಸದ್ಯ ಬದುಕಿದೆ ಎಂದುಕೊಂಡಳು. ಆದರೆ ಕೊಳವೆಯೂ ಹೊರಬಂತು, ಅದರ ತುದಿಯ ಚಿಮಟಕ್ಕೆ ಸಿಕ್ಕಿ ಗೊಂಬೆಯೂ ಬಂದು ಸ್ಟೀಲಿನ ತಟ್ಟೆಯಲ್ಲಿ ಬಿತ್ತು.

"ರೋಸ್ಕಾ ತಿಂದ್ರಿ."

"ಒಂದೇ ಒಂದು ತುಂಡು ಡಾಕ್ಟ್ರೇ. ಅದೂ ನಿಂತ್ಕೊಂಡು ತಿಂದದ್ದು."

"ನಿಂತ್ಕೊಂಡು ತಿಂದ್ರೆ ಲೆಕ್ಕಕ್ಕಿಲ್ವಾ?"

ಮೊನ್ನೆ ಮೂವರು ರಾಜರ ಹಬ್ಬ. ಪ್ವೇಬ್ಲಾ ಊರಿನ ಎಲ್ಲ ಮನೆಗಳಂತೆ ಅವರ ಮನೆಯಲ್ಲೂ ಸಂಜೆ ರೋಸ್ಕಾ ಕೊಯ್ದಿದ್ದರು. ಬಳೆಯಾಕಾರದ ಆ ಸಿಹಿ ಬ್ರೆಡ್ಡಿನೊಳಗಿನ ಗೊಂಬೆ ಯಾರ ಪಾಲಿಗೆ ಬರುತ್ತದೋ ಅವರು ಫೆಬ್ರವರಿ ಎರಡರಂದು ಎಲ್ಲರಿಗೂ ಜೋಳದ ಹಿಟ್ಟಿನ ಕಡುಬು, ತಮಾಲೆ, ಬೇಯಿಸಿ ಬಡಿಸಬೇಕು. ಎಲ್ಲರೂ ತಿಂದರು, ಎರ್ಮಿನಿಯಾ ಸಾರಿನ ಲೋಟ ಹಿಡಿದು ನೋಡುತ್ತ ಕೂತಳು. ತೂಕ ಇಳಿಸಲು ಹೊಟ್ಟೆ ಕಿರಿದು ಮಾಡುವ ಆಪರೇಷನ್ನಿಗೆ ಮೊದಲು ಕೊಬ್ಬು ತುಂಬಿದ ಪಿತ್ತಜನಕಾಂಗ ಕುಗ್ಗಬೇಕು, ಸಕ್ಕರೆ ಹತೋಟಿಗೆ ಬರಬೇಕು, ರಕ್ತದೊತ್ತಡ ಇಳಿಯಬೇಕು ಎಂದು ಡಾಕ್ಟರ್ ಹೇಳಿದ್ದರು. ಆಮೇಲೆ ಉಳಿದ ರೋಸ್ಕಾ ಎತ್ತಿಡಲು ಅಡುಗೆಮನೆಗೆ ಹೋದವಳಿಗೆ ತಡೆಯಲಾಗಲಿಲ್ಲ. ಬಾಯಿಗೆ ತುರುಕಿಕೊಂಡಿದ್ದಳಷ್ಟೇ, ಹಲ್ಲಿಗೆ ಏನೋ ಗಟ್ಟಿಯಾಗಿ ಸಿಕ್ಕಿತು, ಅದೇ ಹೊತ್ತಿಗೆ ಅತ್ತೆಯ ಚಪ್ಪಲಿಯ ಸದ್ದೂ ಕೇಳಿಸಿತು. ಅಗಿಯದೆ ನುಂಗಿಬಿಟ್ಟಳು. ಗೊಂಬೆ ಸಿಗಲಿಲ್ಲವೆಂದು ಅತ್ತೆ ದೋನ್ಯಾ ರೆಮೆದಿಯೋಸ್ ಮರುದಿನ ಬೇಕರಿಯ ಮುಂದೆ ನಿಂತು ದೊಡ್ಡ ರಂಪ ಮಾಡಿ ಬಂದಿದ್ದಳು.

"ಬ್ರೆಡ್ಡು ತಿಂದದ್ದಕ್ಕೆ ನಾನು ಯಾರನ್ನೂ ವಾಪಸ್ ಕಳಿಸಲ್ಲ," ಎಂದರು ಡಾಕ್ಟರ್. "ತಿಂದ ಮೇಲೆ ಇನ್ಸುಲಿನ್ ಎಷ್ಟು ಚುಚ್ಕೊಂಡ್ರಿ?"

ಎರ್ಮಿನಿಯಾ ಗೋಡೆ ನೋಡಿದಳು. "ಸ್ವಲ್ಪ ಜಾಸ್ತಿ."

"ಬೆಳಿಗ್ಗೆ ಸಕ್ಕರೆ ಕಮ್ಮಿ ತೋರಿಸಲಿ ಅಂತ. ಅಲ್ವಾ? ನೋಡಿ, ಇಷ್ಟು ವರ್ಷದ ಸಕ್ಕರೆ ಕಾಯಿಲೆಗೆ ನಿಮ್ಮ ಹೊಟ್ಟೆ ಸೋಮಾರಿಯಾಗಿದೆ. ಬ್ರೆಡ್ಡು ಅಲ್ಲೇ ಕೂತಿರತ್ತೆ, ಇನ್ಸುಲಿನ್ ಮಾತ್ರ ಕಾಯಲ್ಲ. ಇರೋ ಬರೋ ಸಕ್ಕರೆನೆಲ್ಲ ಖಾಲಿ ಮಾಡಿಬಿಡತ್ತೆ. ಪ್ರಜ್ಞೆ ತಪ್ಪಿತಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಡಾಕ್ಟರ್ ಕೈಗೆ ಸಿಕ್ಕಿದ ಬಟ್ಟೆಯನ್ನು ತಟ್ಟೆಯ ಮೇಲೆ ಎಳೆದರು. ಒಳಗೆ ಬಂದವನು ಗಂಡ ಫಿದೆನ್ಸಿಯೊ. ಬಸ್ಸು ರಿಪೇರಿ ಮಾಡುವವನು, ಎಷ್ಟು ತೊಳೆದರೂ ಗ್ರೀಸು ಹೋಗದ ಕೈಯಲ್ಲಿ ಟೋಪಿ ಹಿಂಡುತ್ತ ನಿಂತ.

"ಡಾಕ್ಟ್ರೇ, ಆಪರೇಷನ್ ಬೇಡ," ಎಂದ. "ಈ ಪಥ್ಯ ಇವಳನ್ನ ಕೊಂದುಬಿಡತ್ತೆ. ಮೊನ್ನೆ ರಾತ್ರಿ ಮೈಯೆಲ್ಲ ತಣ್ಣಗೆ ಬೆವರಿ ಬಿದ್ದುಬಿಟ್ಲು. ನೀನ್ಯಾರು ಅಂತ ನನ್ನನ್ನೇ ಕೇಳಿದ್ಲು. ಸಕ್ಕರೆ ನೀರು ಕುಡಿಸಿ ಕುಡಿಸಿ ಉಳಿಸ್ಕೊಂಡೆ. ದಪ್ಪಗಿದ್ರೆ ಇರಲಿ, ಇದ್ರೆ ಸಾಕು. ನಮ್ಮಮ್ಮನೂ ಮೊದಲಿಂದ ಅದೇ ಹೇಳ್ತಾಳೆ, ಬಾಯಿ ಕಟ್ಟೋಕಾಗದೋರು ಹೊಟ್ಟೆ ಕೊಯ್ಸಿಕೊಂಡು ಏನು ಉದ್ಧಾರ ಆಗ್ತಾರೆ ಅಂತ. ನಾನು ಒಪ್ಪಲ್ಲ."

ಡಾಕ್ಟರ್ ಎರ್ಮಿನಿಯಾಳ ಮುಖ ನೋಡಿ ಕೈಗವಸು ಕಳಚತೊಡಗಿದರು.

ತಾನು ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಆಪರೇಷನ್ ಹೋಗುತ್ತದೆ. ಸರದಿಗಾಗಿ ಎರಡು ವರ್ಷ ಕಾದಿದ್ದಳು. ಇದೇ ಕಾಯಿಲೆಯಲ್ಲಿ ಅಕ್ಕ ಒಂದು ಪಾದ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದಳು. ಎರ್ಮಿನಿಯಾ ಕೈ ಚಾಚಿ ತಟ್ಟೆಯ ಮೇಲಿನ ಬಟ್ಟೆ ಸರಿಸಿದಳು.

ಫಿದೆನ್ಸಿಯೊ ಬಗ್ಗಿ ನೋಡಿದ. ಅರ್ಥವಾಗಲು ತುಸು ಹೊತ್ತು ಹಿಡಿಯಿತು.

"ಅಯ್ಯೋ, ಅಮ್ಮ ಆ ಬೇಕರಿಯವನ ಜನ್ಮ ಜಾಲಾಡಿ ಬಂದಳಲ್ಲೇ!"

"ಇವರನ್ನ ಬೀಳಿಸಿದ್ದು ಪಥ್ಯ ಅಲ್ಲ, ಕದ್ದು ತಿಂದು ಅದನ್ನ ಮುಚ್ಚೋಕೆ ಚುಚ್ಕೊಂಡ ಇನ್ಸುಲಿನ್ನು," ಎಂದರು ಡಾಕ್ಟರ್. "ಆಪರೇಷನ್ ದಿನ ಬದಲಾಗಲ್ಲ. ಕದ್ದು ತಿಂದ್ರೆ ನನಗೆ ಫೋನ್ ಮಾಡಿ, ಬೈತೀನಿ ಅಷ್ಟೆ. ಈ ಥರ ಇನ್ನೊಂದು ಸಲ ಚುಚ್ಕೊಂಡ್ರೆ ಮಾತ್ರ ನಾನೇ ನಿಮ್ಮ ಹೆಸರು ಹೊಡೆದುಹಾಕ್ತೀನಿ." ಮುಂದಿನ ರೋಗಿಯನ್ನು ನೋಡಲು ಅವರು ಹೊರಗೆ ಹೋದರು.

ಫಿದೆನ್ಸಿಯೊ ಮಂಚದ ತುದಿಯಲ್ಲಿ ಕೂತ. ಅವನಿಗೆ ಸಿಟ್ಟು ಬರಲಿಲ್ಲ. ಮೊನ್ನೆಯ ಹೆದರಿಕೆ ಇನ್ನೂ ಮೈಯಿಂದ ಇಳಿದಿರಲಿಲ್ಲ, ಹೆಂಡತಿಯ ದಪ್ಪ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಒಂದು ತುಂಡು ಬ್ರೆಡ್ಡು ಕಣೇ. ತಿಂದೆ ಅಂದಿದ್ರೆ ನಾನೇನು ನಿನ್ನ ನುಂಗಿಬಿಡ್ತಿದ್ನಾ? ನನ್ನ ತೊಡೆ ಮೇಲೆ ಸಾಯ್ತಾ ಇದ್ದೆ. ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಬಾಯಿ ತೆಗೆದೆ," ಎಂದಳು ಎರ್ಮಿನಿಯಾ. ಕೊಳವೆ ಹೋಗಿಬಂದ ಗಂಟಲು ಇನ್ನೂ ಜೋಮುಗಟ್ಟಿತ್ತು. "ಕಣ್ಣು ಮಂಜಾಗಿತ್ತು. ಹಿಡ್ಕೊಂಡಿರೋನು ನೀನು ಅಂತಾನೇ ಗೊತ್ತಾಗ್ಲಿಲ್ಲ. ಬಾಗಿಲಲ್ಲಿ ನಿಂತಿರೋದು ನಿಮ್ಮಮ್ಮ ಅಂತ ಮಾತ್ರ ಗೊತ್ತಾಯ್ತು."