ಗುರುಗಳು ಕೂರುವ ಜಾಗ

“ಇದೇನಪ್ಪ, ನಡುವೆ ಪೆಟ್ಟಿಗೆ ಕೂರಿಸಿಬಿಟ್ಟಿದ್ದೀರಿ? ನನ್ನ ಗಂಡ ಎಲ್ಲಿ ಕೂರಬೇಕು?” ಬುವಾಫನ್ ಬೆಳ್ಳಿ ಬಣ್ಣದ ಹೊಸ ಪಿಕಪ್ಪಿನೊಳಗೆ ತಲೆ ತೂರಿಸಿ ಕೇಳಿದಳು.

ಯಸೋಥೊನ್ ಪೇಟೆಯ ಆ ಗಾಡಿ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದ ಥೀರ ನಕ್ಕ. “ದೊಡ್ಡಮ್ಮ, ಅದು ಲೋಟ ಇಡೋಕೆ, ಮೊಬೈಲ್ ಇಡೋಕೆ. ಗಂಡನ್ನ ಇಡೋಕೆ ಆ ಕಡೆ ಸೀಟಿದೆಯಲ್ಲ.”

“ಆ ಕಡೆ ಸೀಟು ಲುವಾಂಗ್ ಪೋ ಅವರದು.”

ಥೀರನ ನಗು ನಿಂತಿತು. ಊರಿಗೆಲ್ಲ ತಂದೆಯಂತಿದ್ದ ಹಿರಿಯ ಭಿಕ್ಷು ಲುವಾಂಗ್ ಪೋ ಅಂಗಳದಲ್ಲಿ ಗಾಡಿಗಳ ಸುತ್ತ ಕುಂಟುತ್ತ, ಒಂದೊಂದು ಟೈರನ್ನೂ ಊರುಗೋಲಿನಿಂದ ಒತ್ತಿ ನೋಡುತ್ತಿದ್ದರು. ಅವರ ಕಾಲಿನ ಹುಣ್ಣಿಗೆ ವಾರಕ್ಕೊಮ್ಮೆ ದೊಡ್ಡಾಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಬೇಕು. ಕರೆದೊಯ್ಯುವವಳು ಬುವಾಫನ್, ಅವಳ ಗಂಡ ಖಾಮ್ಸೈಗೆ ಚಿಕ್ಕಂದಿನಿಂದ ಕಣ್ಣು ಮಂಜು, ಗಾಡಿ ಓಡಿಸಲಾಗದು. ಆದರೆ ಹೆಂಗಸು ಭಿಕ್ಷುವಿನ ಮಗ್ಗುಲಲ್ಲಿ ಕೂರುವಂತಿಲ್ಲ, ಬಟ್ಟೆಯ ಅಂಚೂ ಸೋಕಬಾರದು. ಹಳೆಯ ಪಿಕಪ್ಪಿನಲ್ಲಿ ಆ ತೊಂದರೆ ಇರಲಿಲ್ಲ. ಒಂದೇ ಉದ್ದನೆಯ ಸೀಟು. ಸ್ಟಿಯರಿಂಗಿಗೆ ಇವಳು, ಕಿಟಕಿಗೆ ಗುರುಗಳು, ನಡುವೆ ಗೇರ್ ಹಾಕುವ ಕೋಲನ್ನು ಮೊಣಕಾಲ ಸಂದಿಯಲ್ಲಿಟ್ಟುಕೊಂಡು ಖಾಮ್ಸೈ. ಗೋಡೆಯೆಂದರೆ ಅವನೇ. ಈ ದಿನ ಆಸ್ಪತ್ರೆಯಿಂದ ಹೊರಟಾಗ ಆ ಗಾಡಿ ಹೊಗೆ ಕಾರಿ ದಾರಿಯಲ್ಲೇ ಎರಡು ಸಲ ನಿಂತಿತ್ತು. ಇನ್ನೊಂದು ವಾರ ಅದು ಎಳೆಯುವ ಭರವಸೆ ಯಾರಿಗೂ ಇರಲಿಲ್ಲ.

“ಹಾಗಿದ್ರೆ ಈ ನೀಲೀದು ನೋಡಿ ದೊಡ್ಡಮ್ಮ. ನಾಲ್ಕು ಬಾಗಿಲು. ಗುರುಗಳು ಹಿಂದಿನ ಸೀಟಲ್ಲಿ ತಣ್ಣಗೆ ಕೂರ್ತಾರೆ.”

ಬುವಾಫನ್ ನೀಲಿ ಗಾಡಿಯ ಹಿಂದೆ ಹೋಗಿ ನಿಂತಳು. ಎರಡು ಸಾಲು ಸೀಟಿಗೆ ಜಾಗ ಬಿಟ್ಟು ಉಳಿದದ್ದು ಗಿಡ್ಡ ಬಾಡಿ. “ಮುಖ ದೊಡ್ಡದು ಮಾಡಿ ಹೊಟ್ಟೆ ಸಣ್ಣ ಮಾಡಿದ್ದೀರಲ್ಲಪ್ಪ. ನನ್ನ ಕಲ್ಲಂಗಡಿ ಅರ್ಧ ಹೊಲದಲ್ಲೇ ಕೊಳೀಬೇಕಾ?”

“ಉಳಿದದ್ದನ್ನ ತಲೆ ಮೇಲಿಟ್ಕೊಂಡ್ ಬರ್ತಾಳೆ ಬಿಡಪ್ಪ, ತಲೆ ಗಟ್ಟಿ ಇದೆ,” ಎಂದ ಪಕ್ಕದಲ್ಲೇ ನಿಂತಿದ್ದ ಖಾಮ್ಸೈ.

“ನಿಮ್ಮ ಹೊಟ್ಟೆ ಮೇಲೆ ಹೇರ್ತೀನಿ. ಅಲ್ಲಿ ಜಾಗ ಬೇಕಾದಷ್ಟಿದೆ.”

ಮಾತು ಹಗುರವಾಗಿದ್ದರೂ ಅವಳ ಕೈ ಬೆಳ್ಳಿ ಗಾಡಿಯ ಉದ್ದನೆಯ ಬಾಡಿಯನ್ನು ಸವರುತ್ತಿತ್ತು. ಬೆಳಗಿನ ಜಾವ ಒಂದೇ ಸಲಕ್ಕೆ ಹಣ್ಣೆಲ್ಲ ಸಂತೆಗೆ ಮುಟ್ಟಿದರೆ ಮನೆಗೆ ಅನ್ನ. ಎರಡು ಸಲ ಓಡಾಡಿದರೆ ಲಾಭವನ್ನು ಡೀಸೆಲ್ಲೇ ಕುಡಿಯುತ್ತದೆ. ಕೊನೆಗೆ ಕೈ ಹಿಂದೆಗೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: “ನೀಲೀದೇ ಇರಲಿ. ಗುರುಗಳಿಗಿಂತ ಹಣ್ಣು ಹೆಚ್ಚಾ?”

“ನಿಲ್ಲು ತಾಯಿ,” ಎಂದರು ಲುವಾಂಗ್ ಪೋ. “ಹೊರೆ ಹೊರೋ ಗಾಡಿ ಬೇಕು ಅಂತ ಬಂದು ಜಗಲಿ ಕೊಂಡ್ಕೊಂಡು ಹೋಗ್ತೀಯಾ? ಆ ಬೆಳ್ಳೀದರ ಹಿಂದಿನ ಹಲಗೆ ಇಳಿಸಪ್ಪ, ನೋಡೋಣ.”

ಥೀರ ಇಳಿಸಿದ. ಗುರುಗಳು ತಗಡಿನ ತಳವನ್ನು ಬೆರಳಿನಿಂದ ಬಡಿದರು. “ಇದ್ಯಾಕೆ ಹೀಗೆ ಏಣು ಏಣು?”

“ತಗಡು ಬಗ್ಗದೆ ಇರೋಕೆ, ನೀರು ಹರಿದು ಹೋಗೋಕೆ.”

“ಈ ಕೊಕ್ಕೆ?”

“ಹಗ್ಗ ಬಿಗಿಯೋಕೆ, ಲುವಾಂಗ್ ಪೋ.”

“ಮುದುಕರು ಹಿಡ್ಕೊಳ್ಳೋಕೂ ಆಗುತ್ತೆ.” ಹಾಗೆಂದವರೇ ಥೀರನ ಭುಜ ಹಿಡಿದು, ಅಲ್ಲಿದ್ದ ಕುರ್ಚಿಯ ಮೇಲೆ ಕಾಲಿಟ್ಟು ಹತ್ತಿಬಿಟ್ಟರು. ಗಾಡಿಯ ಮುಂಭಾಗಕ್ಕೆ ಬೆನ್ನು ಆನಿಸಿ ಹಿಂದಕ್ಕೆ ಮುಖ ಮಾಡಿ ಕುಳಿತರು.

ಬುವಾಫನ್ ಗಾಡಿಯ ಹಿಂದಕ್ಕೆ ಓಡಿದಳು. “ಅಯ್ಯಯ್ಯೋ, ಸರಕು ತುಂಬೋ ಜಾಗ ಅದು! ನಾನು ಮೆತ್ತನೆ ಸೀಟಲ್ಲಿ, ನೀವು ತಗಡಿನ ಮೇಲೆ! ನೋಡಿದವರು ನನ್ನ ಮುಖಕ್ಕೆ ಉಗಿಯಲ್ವಾ?”

“ಉಗೀತಾರೋ ಇಲ್ವೋ, ನನಗೂ ನೋಡಬೇಕು ಅನ್ನಿಸ್ತಿದೆ. ಒಂದು ಸುತ್ತು ಹೊಡಿ.”

ಥೀರ ಓಡಿಹೋಗಿ ಚಾಪೆ ತಂದು ಹಾಸಿದ. ಅಂಗಡಿಯ ಹೆಸರು ಬರೆದ ದೊಡ್ಡ ಕೊಡೆ ಬಿಚ್ಚಿ ಹಿಡಿದು ಗುರುಗಳ ಪಕ್ಕದಲ್ಲಿ ತಾನೂ ಮುದುರಿ ಕುಳಿತ. ಖಾಮ್ಸೈ ಕಾಲು ಚಾಚಿ ಮುಂದಿನ ಸೀಟಿಗೆ ಒರಗಿದ. “ನಂಗೆ ಬಡ್ತಿ ಸಿಕ್ತು ಕಣೇ. ಗೋಡೆ ಆಗಿದ್ದೋನು ಇವತ್ತು ಕಿಟಕಿಗೆ ಬಂದೆ.”

ಬುವಾಫನ್ ಕೀಲಿ ತಿರುಗಿಸಿದಳು. ತುಂಬಿದ ಕೊಡ ಹೊತ್ತವಳಂತೆ, ಕುಲುಕದ ಹಾಗೆ ಗಾಡಿ ಓಡಿಸಿದಳು. ಹಿಂದೆ ಕೂತವರು ಗುರುಗಳು, ಹೊರೆಯಲ್ಲ ಎಂದು ತನ್ನ ಮನಸ್ಸಿಗೇನೋ ಗೊತ್ತು, ಬೀದಿಗೂ ಗೊತ್ತಿರಬೇಕಲ್ಲ. ಕನ್ನಡಿಯತ್ತ ಕಣ್ಣೆತ್ತಲು ಅವಳಿಗೆ ಧೈರ್ಯವಾಗಲಿಲ್ಲ. ಮಾರ್ಕೆಟ್ಟಿನ ವೃತ್ತದಲ್ಲಿ ಕೆಂಪು ದೀಪ ಬಿತ್ತು. ಹಿಂದೆ ಒಂದೊಂದಾಗಿ ಬೈಕುಗಳು ಬಂದು ನಿಲ್ಲುವ ಸದ್ದು ಕೇಳಿಸಿತು, ಆಮೇಲೆ ಆ ಸದ್ದೂ ಅಡಗಿತು.

“ಯಾಕಿಷ್ಟು ಸುಮ್ಮನಾದ್ರು? ಬೈತಿದ್ದಾರೇನೇ?” ಖಾಮ್ಸೈ ಪಿಸುಗುಟ್ಟಿದ.

ಅವಳು ಕಣ್ಣೆತ್ತಿದಳು. ಕನ್ನಡಿಯಲ್ಲಿ ಕೊಡೆಯ ಅಂಚು, ಕಾವಿ ಹೊದ್ದ ಹೆಗಲು. ಅದರಾಚೆ ಬಿಸಿಲಲ್ಲಿ ಸಾಲು ಸಾಲಾಗಿ ಬಾಗಿದ ಹೆಲ್ಮೆಟ್ಟುಗಳು. ಮೀನಿನ ಬುಟ್ಟಿ ಕಟ್ಟಿಕೊಂಡ ಹೆಂಗಸು, ಪೊಲೀಸಿನವನು, ತಂಪು ಚಹಾದ ಗಾಡಿಯವನು, ಎಲ್ಲರೂ ಹ್ಯಾಂಡಲ್ ಬಿಟ್ಟು ಎದೆಯ ಮುಂದೆ ಕೈ ಜೋಡಿಸಿದ್ದರು. ಒಬ್ಬನಂತೂ ಕೈಯಲ್ಲಿದ್ದ ಸುಟ್ಟ ಕೋಳಿಯ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿಕೊಂಡು ಕೈ ಮುಗಿದಿದ್ದ.

ಹಸಿರು ದೀಪ ಹತ್ತಿತು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ.